ದಾಳ ಬಿದ್ದರೂ ಸಾಯದ ರಾಕ್ಷಸ

ಯಶ್ವಂತನ ಗ್ರಹಚಾರ ಕೆಟ್ಟದ್ದು ಹಳಿ ರಿಪೇರಿಗೆಂದು ಲೋಕಲ್ ಟ್ರೇನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಿಂದ. ಖಾರಘರದಿಂದ ಡೊಂಬಿವಲಿಯ ಅವನ ಮನೆಗೆ ಬರಬೇಕಿದ್ದ ಮೂವರು ಕಾಲೇಜು ಹುಡುಗರು "ಅಂಕಲ್, ಟ್ರೇನ್ ಬಂದ್ ಹೈ, ಸಾರಿ" ಎಂದು ಫೋನಿಟ್ಟುಬಿಟ್ಟರು.

ಬಂದಿದ್ದರೆ ಅವರು ಅವನ ಆಟ ಆಡಿ ನೋಡುವವರಿದ್ದರು. ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ಹೊಡೆದಾಟ ಬಂದಾಗ ದಾಳ ಹಾಕಿ ಸೋಲುಗೆಲುವು ತೀರ್ಮಾನಿಸುವ ಆಟ. ಇಂಟರ್ನೆಟ್ಟಿನಲ್ಲಿ ಹನ್ನೆರಡು ಮಂದಿ ಸೇರಿ ಅದನ್ನು ಕಟ್ಟುತ್ತಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಪ್ಪನ ಸ್ವತ್ತೂ ಅಲ್ಲ. ಯಶ್ವಂತ ಎರಡು ವರ್ಷ ಲೋಕಲ್ ಟ್ರೇನಿನಲ್ಲಿ ನಿಂತೇ ಹೊಡೆದಾಟದ ನಿಯಮ ಬರೆದಿದ್ದ, ನಲವತ್ತೆಂಟು ಪುಟ! ಈ ಸಂಜೆ ಆರರೊಳಗೆ ಒಂದು ಆಟ ಮುಗಿಸಿ ವರದಿ ಕಳಿಸಿದರೆ ಅವನೇ ಆಟದ ನಿಯಮಪುಸ್ತಕದ ಮುಖ್ಯ ಸಂಪಾದಕ. ಆಫೀಸು, ಸೊಸೈಟಿ, ಮನೆ, ಎಲ್ಲಿಯೂ ಮುಖ್ಯನಾಗದ ತಾನು ಇದರಲ್ಲಾದರೂ ಆಗಬೇಕೆಂದು ಅವನ ಆಸೆ, ಪಾಪ.

"ಬಿಲ್ಡಿಂಗಿನವರನ್ನೇ ಕರೆದ್ರೆ ಎಂತ?" ಎಂದಳು ಹೆಂಡತಿ ನಿಶ್ಮಿತಾ. ಬುದ್ಧಿಯಿಲ್ಲದವನು ಹೋಗಿ ಕರೆದ.

ಕೆಳಮನೆಯ ಚೆನ್ನಯ ಮಾವ ಬಂದರು. ಈಗ ಹೋಟೆಲ್ ಮ್ಯಾನೇಜರ್. ಊರಿನ ತಾಳಮದ್ದಲೆಯಲ್ಲಿ ವೇಷವಿಲ್ಲದೆ, ಕೂತಲ್ಲೇ ಪಾತ್ರವಾಗಿ ವಾದಿಸಿ ಎದುರಾಳಿಯ ಬೆವರಿಳಿಸಿದವರು. ಅವರಿಗೆ ರಾಕ್ಷಸನ ಪಾತ್ರ. ಮೇಲ್ಮನೆಯ ಬಟ್ಟೆ ವ್ಯಾಪಾರಿ ಮುರುಗೆಪ್ಪ ರಾಜಕುಮಾರ. ರಾಕ್ಷಸನ ಸೆರೆಯಲ್ಲಿರುವ ರಾಜಕುಮಾರಿ ನಿಶ್ಮಿತಾ.

ಮೂರು ಗಂಟೆಗೆ ಆಟ ಶುರು. ಮೊದಲ ಏಟಿಗೇ ಮುರುಗೆಪ್ಪನಿಗೆ ಆರು ಬಿತ್ತು. ಯಶ್ವಂತ ಕುಣಿದೇಬಿಟ್ಟ. "ಮಾವ, ನೀವು ಸತ್ತಿರಿ!"

"ಸತ್ತೆ ಅಂದ್ರೆ ಆಯ್ತಾ ಮಾರಾಯ? ನನ್ನನ್ನು ಕೊಲ್ಲುವುದು ಯಾವ ಧರ್ಮ? ಅದನ್ನು ಇವ ಮೊದಲು ಹೇಳ್ಲಿ."

"ದಾಳ ಬಿತ್ತಲ್ಲ ಮಾವ!"

"ದಾಳಕ್ಕೆ ಬಾಯುಂಟಾ?"

ಮಾವ ಸೋಫಾ ಮೇಲೆ ಕಾಲು ಮಡಚಿ ಕೂತರು. ಕಾಡು ಯಾರದ್ದು, ಕೋಟೆ ಯಾರದ್ದು, ಹೇಳದೆ ಕೇಳದೆ ಒಳಗೆ ನುಗ್ಗಿದವ ಯಾರು? ನಾಲ್ಕಕ್ಕೆ ಚಹಾ ಕುಡಿದು ಮುಂದುವರಿಸಿದರು. ಐದಕ್ಕೆ ಮುರುಗೆಪ್ಪ ಕಣ್ಣೊರೆಸಿಕೊಂಡ.

"ಅಣ್ಣಾರು ಹೇಳೂದು ಖರೆ ಐತ್ರೀ. ತಪ್ಪು ನಂದ. ನಾ ಇವರನ್ನ ಹೊಡ್ಯಂಗಿಲ್ಲ."

"ನಾನೂ ಈ ರಾಜಕುಮಾರನ ಜೊತೆ ಹೋಗುದಿಲ್ಲ," ಎಂದಳು ನಿಶ್ಮಿತಾ. "ಕೋಟೆಯಲ್ಲಿ ಅಡುಗೆಗೆ ಆಳುಂಟು."

"ಪುಟ ಮೂವತ್ತೊಂದು ನೋಡಿ! ಸತ್ತವರು ಮಾತಾಡುವಂತಿಲ್ಲ!" ಯಶ್ವಂತನಿಗೆ ಅಳುವೇ ಬಂತು.

"ಯಾರು ಬೇಕಾದರೂ ತಿದ್ದಬಹುದು ಅಂತ ಕರೆಯುವಾಗ ನೀನೇ ಹೇಳಿದ್ದಲ್ವಾ?" ಎಂದು ಮಾವ ಎಲ್ಲರಿಂದ ಕೈ ಎತ್ತಿಸಿದರು. ಅತ್ತ ಮೂರು, ಇತ್ತ ಒಂದು. ಪುಟ ಮೂವತ್ತೊಂದು ಹೋಯಿತು. ಆರು ಹೊಡೆದಾಗ ರಾಕ್ಷಸ ಇನ್ನೂ ತನ್ನ ಬಾಲ್ಯದ ಕಷ್ಟ ಹೇಳುತ್ತಿದ್ದ.

ಸಿಟ್ಟಿಗೆದ್ದ ಯಶ್ವಂತ ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆದು ಕಳಿಸಿದ. ಆಟ ಮುಗಿಯಲಿಲ್ಲ, ಈ ಜನಕ್ಕೆ ಆಡಲು ಬರುವುದಿಲ್ಲ, ಕರೆದ ನಾನೇ ಕತ್ತೆ, ಇನ್ನೊಂದು ವಾರ ಕೊಡಿ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮುರುಗೆಪ್ಪ ಜೋರಾಗಿ ಓದಿದ: "ಎರಡು ವರ್ಷದಿಂದ ನಾವು ಹುಡುಕುತ್ತಿದ್ದದ್ದು ಇದನ್ನೇ! ಸತ್ತವರು ಮಾತಾಡುವ ನಿಯಮಕ್ಕೆ ಹನ್ನೊಂದು ಮಂದಿಯೂ ಒಪ್ಪಿದ್ದೇವೆ. ಹೊಡೆದಾಟದ ನಲವತ್ತೆಂಟು ಪುಟ ಕೈಬಿಟ್ಟಿದ್ದೇವೆ. ಇನ್ನು ಮುಖ್ಯ ಸಂಪಾದಕರು ಶ್ರೀ ಚೆನ್ನಯ ಅವರೇ."

ಚೆನ್ನಯ ಮಾವ ಪ್ರೀತಿಯಿಂದ ಯಶ್ವಂತನ ಬೆನ್ನು ತಟ್ಟಿದರು.

"ನನಗೆ ಈ ಟೈಪು ಗೀಪು ಬರುದಿಲ್ಲ ಮಾರಾಯ. ನಾನು ಹೇಳ್ತೇನೆ, ನೀನು ಬರಿ. ನಿಯಮ ಒಂದು: ದಾಳ ಬೇಡ."

ಯಶ್ವಂತ ಬರೆದುಕೊಂಡ.