ಪಂಪಿನ ಪಕ್ಕದಲ್ಲಿ ನಿಲ್ಲತಕ್ಕದ್ದು

೧೯೯೭ನೆಯ ಇಸವಿ ಮಾರ್ಚ್ ಹನ್ನೊಂದರಂದು ಮುಂಜಾನೆ ಹತ್ತೂವರೆಗೆ, ಸವದತ್ತಿ ತಾಲೂಕಿನ ನೀಲಗಟ್ಟಿ ಗ್ರಾಮದ ಪಂಪ್ ಚಾಲಕ ಮಡಿವಾಳೆಪ್ಪನು ಕುಳಿತುಕೊಳ್ಳುವುದನ್ನು ನಿಲ್ಲಿಸಿದನು.

ಕಾರಣ, ಮೇಲಿನ ಕಚೇರಿಯಿಂದ ಬಂದ ಒಂದು ತಂತಿ. ಕರೆಂಟಿನ ವೇಳೆ ಬದಲಾಗಲಿದೆ, ಚಾಲಕರು 'ಸ್ಟ್ಯಾಂಡ್ ಬೈ' ಇರಲಿ, ಮುಂದಿನ ಆದೇಶ ಹಿಂದೆಯೇ ಬರುತ್ತದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿತ್ತು. ನೀರು ಪೂರೈಕೆಯ ಇಂಜಿನಿಯರ್ ವಿರೂಪಾಕ್ಷ ಸಾಹೇಬರು ಎರಡೂ ಶಬ್ದಗಳನ್ನು ನಿಘಂಟಿನಲ್ಲಿ ಬೇರೆ ಬೇರೆಯಾಗಿ ತೆಗೆದು ನೋಡಿ, ಕನ್ನಡದಲ್ಲಿ ಆದೇಶ ಹೊರಡಿಸಿದರು: "ಚಾಲಕನು ಮುಂದಿನ ಆದೇಶದವರೆಗೆ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಪಂಪಿನ ಪಕ್ಕದಲ್ಲಿ ನಿಂತಿರತಕ್ಕದ್ದು. ಕುಳಿತಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು." ಪಂಪ್‌ಮನೆಯ ಸ್ಟೂಲನ್ನು ಅಂದೇ ಜಪ್ತಿ ಮಾಡಲಾಯಿತು.

ಮಡಿವಾಳೆಪ್ಪ ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಆಗುವವರ ಯಾದಿಯಲ್ಲಿ ಅವನ ಹೆಸರು ಆ ವರ್ಷವೇ ಸೇರಿತ್ತು. ಹೀಗಾಗಿ ನಿಂತ. ಮೊದಲ ದಿನ, ಇದೇನು ದೊಡ್ಡ ತ್ರಾಸಿನ ಕೆಲಸವಲ್ಲ ಅನ್ನಿಸಿತು. ಮೂರನೆಯ ದಿನ ಮೊಣಕಾಲು ಬಾತವು.

ತೊಂದರೆ ಬೇರೆಯೇ ಇತ್ತು. ಟಾಕಿಯಿಂದ ಊರಿಗೆ ನೀರು ಬಿಡುವ ವಾಲ್ವು ಇದ್ದದ್ದು ಪಂಪಿನಿಂದ ಎರಡು ಫರ್ಲಾಂಗು ದೂರ, ಊರಬಾಗಿಲ ಅಗಸಿಯ ಹತ್ತಿರ. ದಿನಾ ಅಲ್ಲಿಗೆ ನಡೆದುಹೋಗಿ ತಿರುವುತ್ತಿದ್ದವನು ಮಡಿವಾಳೆಪ್ಪನೇ. ಈಗ ಪಂಪು ನಡೆಯುತ್ತಿತ್ತು, ಟಾಕಿ ತುಂಬಿ ಹೊರಗೆ ಸುರಿಯುತ್ತಿತ್ತು, ಊರ ನಳಗಳು ಒಣಗಿದ್ದವು.

ಐದನೆಯ ದಿನ ಬೀರವ್ವ ಖಾಲಿ ಕೊಡ ಹಿಡಿದು, ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು.

"ನೀರ ಬಿಡೋ, ಮಡಿವಾಳೆಪ್ಪಾ."

"ನಾ ಹ್ವಾದ್ರ ಪಂಪಿನ ಬಾಜೂಕ ಯಾರ ನಿಂದರತಾರ, ಯಕ್ಕಾ?"

"ನಿಂತು ಏನ ಮಾಡತೀ?"

"ನಿಂದರತೇನಿ."

ಹಾಗೆನ್ನುವಾಗ ಅವನು ಅವಳ ಕೊಡದ ಕಡೆ ನೋಡಲಿಲ್ಲ.

ಕೊನೆಗೆ ಊರವರು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ನಿಜಗುಣಪ್ಪನವರನ್ನು ಕಚೇರಿಗೆ ಕಳಿಸಿದರು. ಮಾಸ್ತರರು ತಂತಿ ಓದಿ ಮೆಲ್ಲಗೆ ಹೇಳಿದರು:

"ಸಾಹೇಬ್ರ, ಈ ಎರಡೂ ಶಬ್ದ ಕೂಡಿದ್ರ ಅರ್ಥ ಬ್ಯಾರೆ ಆಗತೈತ್ರಿ. ಬಾಜೂಕ ನಿಂದರೂದಲ್ಲ, ಸಿದ್ಧ ಇರೂದು. ಇನ್ನೊಂದ ಅರ್ಥ, ಕಷ್ಟದಾಗ ಬೆಂಬಲಕ್ಕ ನಿಂದರೂದು."

ಸಾಹೇಬರು ಸಿಟ್ಟಾಗಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದರು.

"ಒಟ್ಟ ಎಷ್ಟ ಅರ್ಥ ಆದುವ್ರಿ, ಮಾಸ್ತರ್ರ?"

"ಮೂರ್ರಿ."

"ಮೂರೂ ಸರಿ ಏನ್ರಿ?"

"ಸರೀನ್ರಿ, ಆದರ ಇಲ್ಲಿ..."

"ಮೂರೂ ಸರಿ ಇದ್ದಾಗ, ಸರಕಾರ ಒಂದನ್ನ ಹಿಡದು ಎರಡನ್ನ ಹೆಂಗ ಬಿಡಾಕ ಬರತೈತ್ರಿ?"

ವಾರದೊಳಗೆ ತಿದ್ದುಪಡಿ ಆದೇಶ ಬಂತು. ಒಂದನೆಯ ಅರ್ಥದಂತೆ, ಮಡಿವಾಳೆಪ್ಪನು ಪಂಪಿನ ಪಕ್ಕದಲ್ಲಿ ನಿಲ್ಲುವುದನ್ನು ಮುಂದುವರಿಸತಕ್ಕದ್ದು. ಎರಡನೆಯ ಅರ್ಥದಂತೆ, ಸದಾ ಸಿದ್ಧವಾಗಿರಲು ಹೊಸ ಹುದ್ದೆಯೊಂದನ್ನು ಸೃಜಿಸಿ ಕಿತ್ತೂರಿನ ಶಿವಲಿಂಗ ಎಂಬವರನ್ನು ನೇಮಿಸಲಾಗಿದೆ; ಸದರಿಯವರು ತಮ್ಮ ಮನೆಯಲ್ಲಿಯೇ ಸಿದ್ಧರಾಗಿರಬಹುದು. ಮೂರನೆಯ ಅರ್ಥದಂತೆ, ಸಮಸ್ತ ನಾಗರಿಕರು ಇಲಾಖೆಯ ಬೆಂಬಲಕ್ಕೆ ನಿಂತು ವಾಲ್ವನ್ನು ತಾವೇ ತಿರುವಿಕೊಳ್ಳತಕ್ಕದ್ದು.

ಶಿವಲಿಂಗನೆಂದರೆ ವಿರೂಪಾಕ್ಷ ಸಾಹೇಬರ ಹೆಂಡತಿಯ ತಮ್ಮ. ಅವನಷ್ಟು ಸಿದ್ಧನಿದ್ದ ಇನ್ನೊಬ್ಬ ಅಭ್ಯರ್ಥಿ ದೊರೆಯಲಿಲ್ಲವೆಂದು ಕಡತದಲ್ಲಿ ನಮೂದಾಗಿದೆ.

ಬೀರವ್ವ ಎರಡೇ ದಿನದಲ್ಲಿ ವಾಲ್ವು ತಿರುವಲು ಕಲಿತಳು. ನಳಕ್ಕೆ ನೀರು ಬಂದ ಮೇಲೆ ಊರಲ್ಲಿ ಯಾರೂ ಮಡಿವಾಳೆಪ್ಪನ ಮಾತೆತ್ತಲಿಲ್ಲ. ಮಾಸ್ತರರು ಹತ್ತನೆಯ ಇಯತ್ತೆಯ ಮಕ್ಕಳಿಗೆ ಮೂರೂ ಅರ್ಥ ಬರೆಸಿದರು, ಸರಕಾರಿ ಉದಾಹರಣೆ ಸಮೇತ.

ಮುಂದಿನ ಆದೇಶ ಬರಲೇ ಇಲ್ಲ. ಎರಡು ವರ್ಷದ ನಂತರ ಮಡಿವಾಳೆಪ್ಪ ಕಾಯಂ ಆದ. ಕಾಯಂ ಆದ ಆದೇಶವನ್ನು ನಿಂತೇ ಓದಿಸಿ ಕೇಳಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಪಂಪಿಗೆ ಆನಿಸಿದ್ದ ಕೈ ತೆಗೆದಾಗ ತುಸು ವಾಲಿದ, ಮತ್ತೆ ಹಿಡಿದುಕೊಂಡ.

ಆ ಬೇಸಿಗೆಯಲ್ಲಿ ಅವನ ಮಗಳು ರಾಣಿಯನ್ನು ನೋಡಲು ರಾಮದುರ್ಗದವರು ಬಂದರು. ಮಡಿವಾಳೆಪ್ಪ ಕೆಲಸದ ಮೇಲಿದ್ದ. ಹುಡುಗನ ತಂದೆ ಚಾ ಕುಡಿಯುತ್ತ ಹುಡುಗಿಯ ತಾಯಿ ರಾಚವ್ವನನ್ನು ಕೇಳಿದರು:

"ಹುಡುಗಿ ಅಪ್ಪಾರು ಏನ ಮಾಡತಾರ್ರಿ?"

"ನಿಂತಾರ್ರಿ."

"ಕಾಯಂ ಏನ್ರಿ?"

"ಕಾಯಂ ನಿಂತಾರ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು, ತಲೆಯಾಡಿಸಿದರು, ಸಂಬಂಧ ಗಟ್ಟಿಯೆಂದು ಸಕ್ಕರೆ ಹಂಚಲು ಹೇಳಿದರು.