ಮೈ ನೇಮ್ ಈಸ್ ಬೆಟ್ಟೇಗೌಡ

ಹೆಸರಿಡುವಾಗ ಹೆಸರು ಹೊರುವವನನ್ನು ಒಂದು ಮಾತು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದ್ದರೂ ತೊಟ್ಟಿಲಲ್ಲಿದ್ದ ನಾನು ಅತ್ತಿರುತ್ತಿದ್ದೆ, ಅವರು ಅದನ್ನೇ ಒಪ್ಪಿಗೆ ಅಂದುಕೊಂಡಿರುತ್ತಿದ್ದರು. ನನ್ನ ಹೆಸರು ಬೆಟ್ಟೇಗೌಡ. ವಯಸ್ಸು ಹದಿನೆಂಟು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗಿಗೆಂದು ಹಾಸ್ಟೆಲ್ ಸೇರಿದ ದಿನ, ವಾರ್ಡನ್ ನನ್ನ ಹೆಸರು ಓದಿ ನನ್ನ ಬೆನ್ನ ಹಿಂದೆ ಇಣುಕಿದರು. "ಯಜಮಾನ್ರು ಎಲ್ಲಪ್ಪಾ? ಒಳಗೆ ಕರಿ, ಬಿಸಿಲಲ್ಲಿ ಯಾಕೆ ನಿಲ್ಸಿದೀಯ?" ಎಂದರು.

ಯಜಮಾನರು ಸರಗೂರಿನ ಮಗ್ಗುಲಿನ ನಮ್ಮೂರಲ್ಲಿ, ಜಗಲಿಯ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ದಾರೆ. ಅವರು ನಮ್ಮ ತಾತ. ಮೊದಲ ಮೊಮ್ಮಗನಿಗೆ ತಾತನ ಹೆಸರೇ ಆಗಬೇಕೆಂಬುದು ಮನೆಯ ರೂಢಿ. ಇಟ್ಟದ್ದೇನೋ ಇಟ್ಟರು, ಕರೆಯುವವರು ಯಾರು? ಸೊಸೆ ಮಾವನ ಹೆಸರೆತ್ತಬಾರದು, ಹಾಗಾಗಿ ಅವ್ವನಿಗೆ ನಾನು ಇವತ್ತಿಗೂ "ಕೂಸೇ". ಅಜ್ಜಿ ಗಂಡನ ಹೆಸರು ಹೇಳುವಂತಿಲ್ಲ. "ತಾತನ್ ಎಸ್ರೋನೇ, ಉಣ್ಣಕ್ ಬಾ" ಎಂದು ಕರೆಯುತ್ತಾಳೆ. ಅಪ್ಪ ಒಂದೇ ಒಂದು ಸಲ ಸಿಟ್ಟಿನಲ್ಲಿ ಮೈಮರೆತು, "ಲೇ ಬೆಟ್ಟಾ, ಕತ್ತೆ ಬಡವ!" ಎಂದುಬಿಟ್ಟರು. ಜಗಲಿಯಿಂದ ಗುಡುಗು ಬಂತು: "ಯಾರ್ಗ್ಲಾ ಅಂದದ್ದು?" ಅಪ್ಪ ಬೆವೆತು, "ನಿಂಗಲ್ಲ ಕಣಪ್ಪೋ, ಐದ್ನಿಗೆ, ನಿನ್ ಮೊಮ್ಮಗುಂಗೆ!" ಎಂದರು. ಅಲ್ಲಿಗೆ ಅವರ ಬಾಯಿಯೂ ಮುಚ್ಚಿತು. ಶಾಲೆಯ ಮೇಷ್ಟ್ರು ಕೂಡ ತಾತನಿಗೆ ಹೆದರಿ ಬರೀ "ಗೌಡ" ಎಂದು ಮುಗಿಸುತ್ತಿದ್ದರು. ಒಟ್ಟಿನಲ್ಲಿ ನನ್ನ ಹೆಸರು ಅವ್ವನ ಧಾರೆ ಸೀರೆಯ ಹಾಗೆ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ಉಟ್ಟವರಿಲ್ಲ.

ಮೊದಲ ದಿನದ ತರಗತಿಯಲ್ಲಿ ಎಲ್ಲರೂ ಎದ್ದು ಪರಿಚಯ ಹೇಳಿಕೊಳ್ಳಬೇಕಂತೆ. ನನ್ನ ರೂಮಿನವನು ಕೆ.ಆರ್. ನಗರದ ತೇಜಸ್. ಬೆಳಿಗ್ಗೆಯೇ ಬುದ್ಧಿ ಹೇಳಿದ. "ಬೆಟ್ಟೇಗೌಡ ಅನ್ಬ್ಯಾಡ ಕಣ್ಲಾ. ಬಿ.ಜಿ. ಅನ್ನು, ಸ್ಟೈಲಾಗಿರ್ತದೆ. ಮೊದಲ್ನೇ ದಿನ ಅಂಟ್ಕಂಡ್ ಎಸ್ರು ನಾಕ್ ವರ್ಸ ಬುಡಲ್ಲ."

"ಅಂಟ್ಕಳ್ಳಿ ಬುಡ್ಲಾ. ಅಂಟ್ಲಿ ಅಂತ್ಲೇ ಎಸ್ರು ಏಳೋದು" ಎಂದೆ. ಮನೆಯಲ್ಲಂತೂ ಯಾರೂ ಕರೆಯಲಿಲ್ಲ, ಕಾಲೇಜಿನಲ್ಲೂ ಮುಚ್ಚಿಟ್ಟರೆ ಆ ಹೆಸರು ಉಸಿರಾಡುವುದೆಲ್ಲಿ?

ಹವ್ಯಾಸಗಳ ವಿಷಯದಲ್ಲಿ ನಮ್ಮ ತರಗತಿಯವರೆಲ್ಲ ಒಂದೇ ತಾಯಿಯ ಮಕ್ಕಳು. ಎದ್ದವರೆಲ್ಲ "ಲಿಸನಿಂಗ್ ಟು ಮ್ಯೂಸಿಕ್, ರೀಡಿಂಗ್ ಬುಕ್ಸ್" ಎಂದು ಹೇಳಿ ಕೂತರು. ತೇಜಸ್ ಕೂಡ ಬುಕ್ಸ್ ಎಂದ. ಪುಸ್ತಕ ಅವನಿಗೆ ಬೇಕಾಗುವುದು ದಿಂಬು ತಗ್ಗಾದಾಗ ಮಾತ್ರ. ಲೆಕ್ಕದ ಸರ್ ಒಬ್ಬೊಬ್ಬರ ಮಾತು ಮುಗಿದಾಗಲೂ ಬೆಲ್ಟು ಮೇಲಕ್ಕೆಳೆದು, "ಗಾಟ್ ಇಟ್?" ಎಂದು ಕೇಳಿ, ತಾವೇ "ಗುಡ್" ಎನ್ನುತ್ತಿದ್ದರು. ನನ್ನ ಸರದಿ ಬಂತು.

"ಮೈ ನೇಮ್ ಈಸ್ ಬೆಟ್ಟೇಗೌಡ" ಎಂದೆ, ಗೋಡೆಗೆ ಬಡಿದು ವಾಪಸ್ಸು ಬರುವಷ್ಟು ಜೋರಾಗಿ.

"ತಂದೆ ಹೆಸರಲ್ಲಪ್ಪಾ, ನಿನ್ನ ಹೆಸರು ಹೇಳು."

"ನಂದೇ ಸಾರ್."

ನಗು ಎದ್ದಿತು. "ಸರಿ, ಶಾರ್ಟಾಗಿ ಏನಂತ ಕರೀಲಿ?"

"ಪೂರ್ತಿ ಕರೀರಿ ಸಾರ್. ಬಾಯ್ತುಂಬಾ ಕರೆಯೋರಿಲ್ದೆ ಎಸ್ರು ಬಡವಾಗ್ಬುಟ್ಟದೆ."

ಹವ್ಯಾಸವೇನೆಂದರು. ಯಾರ ದನಿ ಬೇಕಾದರೂ ತೆಗೆದು ಅವರ ಹಾಗೆ ಮಾತಾಡುವುದು ಎಂದೆ. ಮಾಡಿ ತೋರಿಸು ಎಂದರು. ಹುಣಸೂರು ಬಸ್ಸಿನ ಕಂಡಕ್ಟರಾದೆ: "ಬಿಳಿಕೆರೆ ಯಾರ್ರೀ? ಇಳೀರಿ ಇಳೀರಿ, ಮೂಟೆ ಮರ್ತೀರಾ, ಎಂಡ್ರನ್ ಮರ್ತೀರಾ ನೋಡ್ಕಳಿ!" ತರಗತಿ ಡೆಸ್ಕು ಬಡಿಯಿತು. ಹಿಂದಿನ ಬೆಂಚಿನಿಂದ ಯಾರೋ "ಸಾರ್ ತರ ಮಾಡು ಕಣ್ಲಾ!" ಎಂದರು. ಬುದ್ಧಿಯಿದ್ದವನು ಕೂರುತ್ತಿದ್ದ. ನಾನು ಬೆಲ್ಟು ಮೇಲಕ್ಕೆಳೆದೆ. "ಗಾಟ್ ಇಟ್? ಗುಡ್."

ತರಗತಿ ಬಿದ್ದು ಬಿದ್ದು ನಕ್ಕಿತು, ಸರ್ ನಗಲಿಲ್ಲ. ತೇಜಸ್ ಡೆಸ್ಕಿನ ಕೆಳಗೆ ಇಲ್ಲದ ಪೆನ್ನು ಹುಡುಕತೊಡಗಿದ. ಸರ್ ಬೆರಳೆತ್ತಿ, "ಲೋ ಬೆಟ್ಟೇ..." ಎಂದು ಶುರು ಮಾಡಿ ತಡವರಿಸಿದರು. ಆ ಹೆಸರಿಗೊಂದು ಗುಣವಿದೆ. ಏಕವಚನದ ಬಾಗಿಲಲ್ಲಿ ಅದು ತೂರುವುದಿಲ್ಲ. ಕೊನೆಗೆ ತಮಗೇ ಗೊತ್ತಾಗದಂತೆ, "ಬೆಟ್ಟೇಗೌಡ್ರೇ, ಸಾಕು, ಕೂತ್ಕೊಳ್ಳಿ" ಎಂದುಬಿಟ್ಟರು. ಹುಟ್ಟಿದಾಗಿನಿಂದ ಮೊದಲ ಸಲ ಯಾರೋ ನನ್ನನ್ನು ಪೂರ್ತಿ ಕರೆದಿದ್ದರು. ಗೆದ್ದವನ ಹಾಗೆ ಕೂತೆ.

ನಮ್ಮ ತರಗತಿಯಲ್ಲಿ ತೇಜಸ್ ಎಂಬ ಹೆಸರಿನವರು ಇನ್ನೂ ಕೆಲವರಿದ್ದಾರೆ. ಸರ್ "ತೇಜಸ್" ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡಿ ಬಚಾವಾಗುತ್ತಾರೆ. ಹೀಗಾಗಿ ಸರ್‌ಗೆ ನಾಲಗೆಯ ತುದಿಯಲ್ಲಿರುವುದು ಒಂದೇ ಹೆಸರು. ದಿನವೂ ಬಾಯ್ತುಂಬಾ ಕರೆಯುತ್ತಾರೆ: "ಬೆಟ್ಟೇಗೌಡ್ರೇ, ಬೋರ್ಡಿಗೆ ಬನ್ನಿ, ಈ ಲೆಕ್ಕ ಬಿಡಿಸಿ." ನಿನ್ನೆ ತೇಜಸ್ ಪಿಸುಗುಟ್ಟಿದ: "ಈಗ್ಲಾದ್ರೂ ಬಿ.ಜಿ. ಅಂತ ಬದ್ಲಾಯ್ಸ್ಕಳ್ಲಾ." ಆಗಲ್ಲ ಎಂದೆ. ನಿಂತರೆ ಬೆಟ್ಟೇಗೌಡನಾಗಿಯೇ ನಿಲ್ಲುತ್ತೇನೆ. ನಿಂತೂ ಇದ್ದೇನೆ, ದಿನಾಲೂ, ಸೀಮೆಸುಣ್ಣ ಹಿಡಿದು. ಕಂಡಕ್ಟರಿನ ದನಿ ಬರುತ್ತದೆ, ವಾರ್ಡನ್ನಿನದು ಬರುತ್ತದೆ, ಸರ್‌ದಂತೂ ಅವರಿಗಿಂತ ಚೆನ್ನಾಗಿ ಬರುತ್ತದೆ. ಉತ್ತರ ಗೊತ್ತಿರುವವನ ದನಿಯೊಂದು ಮಾತ್ರ ಇನ್ನೂ ಬಂದಿಲ್ಲ.