ಇಲ್ಲದ ನಾಯಿಯ ಸ್ನಾನ

ನೀರಿಗೆ ಅಂಜುವ ನಾಯಿಮರಿಯು ದೇಶದ ಪ್ರಗತಿಗೆ ಅಡ್ಡಿಯೆಂದು ಶ್ವಾನ ಸ್ನಾನ ಅಭಿಯಾನದ ಕಚೇರಿಯು ತೀರ್ಮಾನಿಸಿದ್ದು ಸರ್ವರಿಗೂ ತಿಳಿದ ಸಂಗತಿ. ಸ್ನಾನಕ್ಕೆ ಒಗ್ಗದ ಮರಿಯನ್ನು ಗಾಡಿಯಲ್ಲಿ ಹಾಕಿ ಕೊಲ್ಹಾಪುರದ ಸಂಸ್ಕಾರ ಕೇಂದ್ರಕ್ಕೆ ಒಯ್ಯತಕ್ಕದ್ದು ಎಂಬ ನಿಯಮವೂ ಹೊರಟಿತು. ಅಲ್ಲಿಂದ ಮರಳಿದ ಮರಿಯನ್ನು ಯಾರೂ ಕಂಡಿರಲಿಲ್ಲ.

ಗಡಿಯಂಚಿನ ನೂಲ ಗ್ರಾಮದ ನಾಗೂಬಾಯಿ ಅಂದೇ ತನ್ನ ಮರಿಯನ್ನು ನೀರಿಗೆ ಒಗ್ಗಿಸಲು ಕೂತಳು. ಕುರಿ ಕಾಯಲೆಂದು ತಂದ ಅವಳ ಮುದ್ದಿನ ನಾಯಿಮರಿ ಕರಿಯಾ, ಬಕೆಟ್ ಕಂಡರೆ ಸಾಕು, ಕುರಿಗಳ ಹೊಟ್ಟೆಯಡಿ ನುಸುಳುತ್ತಿತ್ತು. ಪಾದಕ್ಕೆ ಉಗುರು ಬೆಚ್ಚಗಿನ ನೀರು ಮುಟ್ಟಿಸಿದಳು, ಕಿವಿಯ ಹಿಂದೆ ಕೆರೆದಳು, ಬೆಲ್ಲ ತಿನ್ನಿಸಿದಳು. ಬೆಲ್ಲವೊಂದೇ ಒಗ್ಗಿತು.

ಪರೀಕ್ಷೆಯ ದಿನ ಅಧಿಕಾರಿ ಭಾವುಸಾಹೇಬರು ಬಂದರು. ಅಭಿಯಾನದ ನೀರು ಅಂಗಳದ ಒಲೆಯ ಮೇಲೆ ಕಾಯುತ್ತಿತ್ತು.

"ಘರಾತ್ ಕುತ್ರಾ ಆಹೇ ಕಾ?"

ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿದ್ದು. ನಾಗೂಬಾಯಿಗೆ ಮರಾಠಿ ಬಾರದ್ದೇನಲ್ಲ. ಗಾಬರಿಯಲ್ಲಿ ತಾಯಿನುಡಿಯೇ ಮುಂದೆ ಬಂತು. ಮರಿಯನ್ನು ಎತ್ತಿ ಹಿಡಿದು, "ನಾಯಿ!" ಎಂದಳು.

ಮರಾಠಿ ಕಿವಿಗೆ ಅದು "ನಾಹೀ" ಎಂದು ಬಿತ್ತು. ನಾಹೀ ಅಂದರೆ ಇಲ್ಲ. ಭಾವುಸಾಹೇಬರು ಮರಿಯನ್ನು ನೋಡಿದರು. ಮರಿ ಅವರ ಮೂಗು ನೆಕ್ಕಿತು. ಆದರೆ ಕಣ್ಣಿಗೆ ಕಂಡದ್ದಕ್ಕಿಂತ ಬಾಯಿಂದ ಬಂದದ್ದು ದೊಡ್ಡದೆಂಬುದು ಅಭಿಯಾನದ ನಿಯಮ. ಈ ಮನೆಯಲ್ಲಿ ನಾಯಿ ಇಲ್ಲವೆಂದು ಮೂಗು ಒರೆಸಿಕೊಳ್ಳುತ್ತ ಘೋಷಿಸಿದರು.

"ಹಂಗಲ್ರಿ ಸಾಹೇಬ್ರ, ಅಕಿ ಅಂದಿದ್ದು..." ಎನ್ನಹೊರಟ ಗಂಡ ಸಿದ್ದರಾಯನ ಕಾಲನ್ನು ನಾಗೂಬಾಯಿ ಬಲವಾಗಿ ತುಳಿದಳು.

"ಹೌದ್ರಿ, ನಾಯಿ ರೀ," ಎಂದು ಮತ್ತೊಮ್ಮೆ ಸತ್ಯವನ್ನೇ ನುಡಿದಳು.

ಉಳಿದದ್ದು ನೀರಿನ ಪ್ರಶ್ನೆ. ಸರ್ಕಾರಿ ನೀರು ಒಮ್ಮೆ ಕಾದ ಮೇಲೆ ಆರಗೊಡುವಂತಿಲ್ಲ. ಸ್ಥಳದಲ್ಲಿ ಯಾರದಾದರೂ ಸ್ನಾನ ಬಾಕಿಯಿದ್ದರೆ ಅವರ ಮೇಲೆ ಸುರಿಯತಕ್ಕದ್ದು. ಗಂಡಹೆಂಡಿರದು ಮುಂಜಾನೆಯೇ ಆಗಿತ್ತು.

"ನಿಮ್ಮದು ಜಳಕ ಆಗೇತೇನ್ರಿ ಸಾಹೇಬ್ರ?" ಸಿದ್ದರಾಯ ತಲೆಗೆ ನೀರು ಹೊಯ್ದುಕೊಳ್ಳುವ ಸನ್ನೆ ಮಾಡಿ ಕೇಳಿದ.

ನಸುಕಿನಲ್ಲೇ ಹೊರಟು ಬಂದ ಭಾವುಸಾಹೇಬರು ತಲೆ ತಗ್ಗಿಸಿದರು. "ನಾಹೀ."

ನಾಗೂಬಾಯಿಯ ಕನ್ನಡ ಕಿವಿಗೆ ಅದು "ನಾಯಿ" ಎಂದೇ ಬಿತ್ತು. ಕಣ್ಣಿಗೆ ಮನುಷ್ಯರಂತೆ ಕಂಡರೇನು, ಬಾಯಿಂದ ಬಂದದ್ದೇ ದೊಡ್ಡದಲ್ಲವೇ! ಅವಳು ಬೆಲ್ಲದ ಡಬ್ಬಿ ತಂದಳು. ಸಿದ್ದರಾಯ ಸಾಹೇಬರ ತಲೆಗೆ ಒಮ್ಮೆಲೇ ಸುರಿಯದೆ, ಮೊದಲು ಪಾದಕ್ಕೆ ನೀರು ಮುಟ್ಟಿಸಿದ.

ಈಗ ಭಾವುಸಾಹೇಬರು ವಾರಕ್ಕೊಮ್ಮೆ ತಪ್ಪದೆ ಗಡಹಿಂಗ್ಲಜದ ಕಚೇರಿಯಿಂದ ಸ್ನಾನಕ್ಕೆ ಬರುತ್ತಾರೆ. ಕರಿಯಾ ದೂರದ ಬಿಸಿಲಿನಲ್ಲಿ ಮೈಚಾಚಿ, ಸ್ನಾನದ ಹೊತ್ತಿನಲ್ಲಿ ಬಹಳ ನೆಮ್ಮದಿಯಿಂದ ಇರುತ್ತದೆ. ಮರಿಗಳನ್ನು ಒಯ್ಯುವ ಗಾಡಿ ಈ ಮನೆಯ ಮುಂದೆ ನಿಲ್ಲುವುದಿಲ್ಲ.

"ನೀರು ಒಗ್ಗೇತೇನವಾ?" ಎಂದು ನೆರೆಮನೆಯ ಬಾಳವ್ವ ಕೇಳಿದಳು.

"ಮೊದಮೊದಲು ಭಾಳ ಅಂಜತಿದ್ರು," ಎಂದಳು ನಾಗೂಬಾಯಿ. "ಈಗ ಬೆಲ್ಲದ ಡಬ್ಬಿ ಸಪ್ಪಳ ಆದ್ರ ಸಾಕು, ತಾವ ಬಂದು ಕುಂದರತಾರ."